ಮೂಕ ಕುದುರೆಗೆ ಯಾವ ಪರೀಷಹ? – ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರವಾಸ

ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಮೂರನೆಯವರಾದ ಶ್ರೀ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಬಸದಿಗೆ ಹೋದಾಗ ಪೀಠದ ಮೇಲಿನ ಆ ಪುಟ್ಟ ಕುದುರೆಯನ್ನು ತೋರಿಸಿ ಮಕ್ಕಳಿಂದ ಸ್ವಾಮಿಯ ಹೆಸರು ಹೇಳಿಸುವುದು ನಮ್ಮ ಮನೆಗಳ ರೂಢಿ. ಪರ್ವದ ಮೆರವಣಿಗೆಯಲ್ಲಿ ಧ್ವಜ ಹಿಡಿದವರು ಕುದುರೆ ಏರಿ ಮುಂದೆ ಸಾಗುತ್ತಾರೆ. ಶ್ವೇತಾಂಬರ ಬಂಧುಗಳಲ್ಲಿ ಮೆರವಣಿಗೆಯ ಹೆಸರೇ ವರಘೋಡಾ. ಮಾರವಾಡ, ಗುಜರಾತಿನ ಕಡೆಯಿಂದ ಬಂದು ನೆಲೆಸಿದ ಮನೆತನಗಳಲ್ಲಿ ಮದುಮಗ ಕುದುರೆ ಏರದೆ ಮದುವೆ ಕಳೆಗಟ್ಟುವುದಿಲ್ಲ. ಹೀಗೆ ಧರ್ಮಕಾರ್ಯಕ್ಕೂ ಮಂಗಳಕಾರ್ಯಕ್ಕೂ ಕುದುರೆ ಬೇಕು. ಆದರೆ ವಾದ್ಯ ನಿಂತು, ಹಾರ ತೆಗೆದ ಮೇಲೆ ಆ ಕುದುರೆ ಎಲ್ಲಿ ನಿಲ್ಲುತ್ತದೆ, ರಾತ್ರಿ ಹೇಗೆ ಕಳೆಯುತ್ತದೆ ಎಂದು ಕೇಳುವವರು ಕಡಿಮೆ.

ದಸರಾ, ದೀಪಾವಳಿಯ ಸೀರೆ ಖರೀದಿಗೆಂದು ಭಾದ್ರಪದದ ಪರ್ವ ಮುಗಿದ ಮೇಲೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ಹೋಗಿದ್ದಾಗ ಈ ಪ್ರಶ್ನೆ ದಾರಿಯುದ್ದಕ್ಕೂ ಜೊತೆಗೆ ಬಂತು. ಮೂರೂ ಊರುಗಳು ಈಗ ತೆಲಂಗಾಣದಲ್ಲಿವೆ. ಆದರೆ ರಾಯಚೂರು, ಯಾದಗಿರಿಯ ವ್ಯಾಪಾರಿಗಳಿಗೆ ಇವು ಪರರಾಜ್ಯ ಎನಿಸುವುದಿಲ್ಲ. ಲೇವಾದೇವಿ, ಮಾತು, ನೆಂಟಸ್ತನ ಎಲ್ಲವೂ ಗಡಿ ದಾಟಿ ನಡೆದುಬಂದಿವೆ.

ನಾರಾಯಣಪೇಟೆ: ನೂಲಿನ ಊರು

ವಾಡಿ–ರಾಯಚೂರು ರೈಲು ಮಾರ್ಗದ ಸೈದಾಪುರ ನಿಲ್ದಾಣಕ್ಕೆ ಹಿಂದೆ ನಾರಾಯಣಪೇಟೆ ರೋಡ್ ಎಂದೇ ಹೆಸರಿತ್ತು. ನಿಲ್ದಾಣ ಇರುವುದು ಕರ್ನಾಟಕದ ಯಾದಗಿರಿ ಜಿಲ್ಲೆಯಲ್ಲಿ, ಹೆಸರು ಮಾತ್ರ ಆಚೆಯ ಊರಿನದು. ನಾರಾಯಣಪೇಟೆಯೊಳಗೆ ರೈಲು ಹೋಗದ ಕಾರಣ ಇಳಿದವರು ರಸ್ತೆ ಹಿಡಿಯಬೇಕು. ಮೊದಲು ಮಹಬೂಬನಗರ ಜಿಲ್ಲೆಗೆ ಸೇರಿದ್ದ ಈ ಊರು 2019ರ ಫೆಬ್ರವರಿಯಲ್ಲಿ ತಾನೇ ಜಿಲ್ಲಾ ಕೇಂದ್ರವಾಯಿತು. ಪೇಟೆ ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಒಂದೇ ಅಂಗಡಿಯಲ್ಲಿ ಗಿರಾಕಿಗೆ ಒಂದು ಭಾಷೆ, ಲೆಕ್ಕಕ್ಕೆ ಇನ್ನೊಂದು.

ಇಲ್ಲಿಯ ಸೀರೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಮೈಯಲ್ಲಿ ಚೌಕಳಿ, ಅಂಚಿನಲ್ಲಿ ಗುಡಿಯ ಗೋಪುರದಂಥ ಪುಟ್ಟ ಸಾಲು, ಎದ್ದು ಕಾಣುವ ಬೇರೆ ಬಣ್ಣದ ಸೆರಗು. ಶಿವಾಜಿ ಮಹಾರಾಜರ ದಂಡಿನೊಡನೆ ಬಂದ ನೇಕಾರರಲ್ಲಿ ಕೆಲವರು ಇಲ್ಲೇ ಉಳಿದರು, ಅವರಿಂದ ಈ ಮಾದರಿ ಬಂತು ಎಂಬ ಮಾತು ಊರಲ್ಲಿ ಪ್ರಚಲಿತ. ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವುದು ಇಲ್ಲಿಯ ಮಗ್ಗದ ಹೆಸರಾದ ಪದ್ಧತಿ. ಹತ್ತಿಯ ಎಳೆಯನ್ನು ಬೆರಳಲ್ಲಿ ಮುಟ್ಟಿಯೇ ನಂಬರು ಹೇಳುವ ಹಿರಿಯರು ಇಂದೂ ಇದ್ದಾರೆ. ಈ ನೂಲಿನ ಮಾತಿಗೆ ಮುಂದೆ ಮತ್ತೆ ಬರುತ್ತೇನೆ, ಏಕೆಂದರೆ ಕುದುರೆಯ ಕಷ್ಟಕ್ಕೂ ಅದಕ್ಕೂ ಸಂಬಂಧವಿದೆ.

ಸಂಜೆ ಪೇಟೆಯಲ್ಲಿ ಒಂದು ಮೆರವಣಿಗೆ ಹೊರಡುವುದಿತ್ತು. ಸೂರ್ಯ ಮುಳುಗುವ ಹೊತ್ತು. ದೀಪದ ಗಾಡಿಯ ಪಕ್ಕ, ಗಟಾರದ ಅಂಚಿಗೆ, ಒಂದು ಬಿಳಿ ಕುದುರೆಯನ್ನು ಕಟ್ಟಿದ್ದರು. ಕೊರಳಿಗೆ ಚೆಂಡುಹೂವಿನ ಹಾರ, ಬೆನ್ನ ಮೇಲೆ ಜರಿಯ ಹೊದಿಕೆ, ಹಣೆಗೆ ಕನ್ನಡಿ ಹಾಕಿದ ಪಟ್ಟಿ. ನೋಡುವವರಿಗೆ ಶೃಂಗಾರ. ಆದರೆ ಆ ಕುದುರೆ ಒಂದು ಕ್ಷಣವೂ ಸುಮ್ಮನೆ ನಿಲ್ಲಲಿಲ್ಲ. ತಲೆ ಕೊಡವುವುದು, ಹಿಂಗಾಲನ್ನು ಹೊಟ್ಟೆಗೆ ಒದ್ದುಕೊಳ್ಳುವುದು, ಬಾಲದ ಬುಡವನ್ನು ಗಾಡಿಯ ಕಂಬಕ್ಕೆ ತಿಕ್ಕುವುದು. ವಾದ್ಯದ ಸದ್ದಿಗೆ ಹೆದರಿದೆ ಎಂದು ಪಕ್ಕದವರು ಅಂದರು. ವಾದ್ಯ ಇನ್ನೂ ಶುರುವಾಗಿರಲಿಲ್ಲ.

ಮಕ್ತಲ್: ನೀರಿನ ಪಕ್ಕದ ಲಾಯ

ನಾರಾಯಣಪೇಟೆಯಿಂದ ದಕ್ಷಿಣಕ್ಕೆ ಮಕ್ತಲ್. ಹೈದರಾಬಾದು–ರಾಯಚೂರು ಹೆದ್ದಾರಿಯ ಮೇಲಿನ ಊರು. ಈಗ ರೈಲೂ ಬಂದಿದೆ. ಜಕ್ಲೇರಿನಿಂದ ಮಕ್ತಲ್ ದಾಟಿ ಕೃಷ್ಣಾ ನಿಲ್ದಾಣದವರೆಗಿನ ಹೊಸ ಮಾರ್ಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಪಡಮಟಿ ಆಂಜನೇಯ ಸ್ವಾಮಿಯ ಗುಡಿಯಿಂದ ಊರು ಸುತ್ತಲಿಗೆ ಪ್ರಸಿದ್ಧ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ತಂಗಡಗಿ ಬಳಿ ಭೀಮಾ ನದಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ.

ಹಿಂದೆ ಇದು ಬರಿಯ ಒಣ ಬೇಸಾಯದ ಸೀಮೆ. ಜೋಳ, ತೊಗರಿ, ಕುರಿಯ ಹಿಂಡು. ಭೀಮಾ ಏತ ನೀರಾವರಿ, ಸಂಗಂಬಂಡ ಜಲಾಶಯ, ಕೆಳಗೆ ಜುರಾಲ ಅಣೆಕಟ್ಟು ಬಂದ ಮೇಲೆ ಭತ್ತದ ಗದ್ದೆಗಳು ಹರಡಿಕೊಂಡಿವೆ. ನೀರು ಬಂದದ್ದು ರೈತನ ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ನಿಂತ ಕೆಸರು, ಕೊಳೆತ ಹುಲ್ಲು, ಒದ್ದೆ ಸಗಣಿ ಇರುವಲ್ಲೆಲ್ಲ ಬಹು ಸಣ್ಣ ಜೀವಗಳು ಹುಟ್ಟುತ್ತವೆ.

ಹೆದ್ದಾರಿಯಿಂದ ಒಳಗೆ, ಕಾಲುವೆಯ ಬದಿಗೆ, ಮದುವೆ ಕುದುರೆ ಸಾಕುವವರ ಒಂದು ತಗಡಿನ ಲಾಯ ಕಂಡಿತು. ಎರಡು ಕುದುರೆ. ಒಂದರ ಮೈ ಚೆನ್ನಾಗಿತ್ತು. ಇನ್ನೊಂದು ಆರೇಳು ವರ್ಷದ ಹೆಣ್ಣುಕುದುರೆ. ಅದರ ಅಯಾಲು ಅರ್ಧಕ್ಕರ್ಧ ಉದುರಿ, ಕೊರಳ ಮೇಲ್ಭಾಗದ ಚರ್ಮ ಮಡಿಕೆ ಮಡಿಕೆಯಾಗಿ ದಪ್ಪಗಟ್ಟಿತ್ತು. ಬಾಲದ ಬುಡದಲ್ಲಿ ಕೂದಲು ತುಂಡು ತುಂಡಾಗಿ ಪೊರಕೆಯಂತೆ ನಿಂತಿತ್ತು. ಹೊಟ್ಟೆಯ ನಡುಗೆರೆಯಲ್ಲಿ ಹೆಪ್ಪುಗಟ್ಟಿದ ರಕ್ತದ ಚುಕ್ಕೆಗಳು.

ಕುದುರೆಯವರು ವಯಸ್ಸಾದವರು. ಕೇಳಿದಾಗ ಮುಚ್ಚಿಡದೆ ಹೇಳಿದರು: "ಶೇಟಜೀ, ಮಳಿ ಹತ್ತಿ ಗದ್ದಿಗಿ ನೀರು ಬಿಟ್ಟಾಗಿಂದ ಹಿಂಗ ಅದ್ರಿ. ಹಗಲೆಲ್ಲ ಸುಮ್ನ ಇರ್ತದ. ಸಂಜಿ ಆತಂದ್ರ ಗ್ವಾಡಿಗಿ ಮೈ ತಿಕ್ಕಾಕ ಹತ್ತತದ. ಚಳಿಗಾಲಕ್ಕ ಮತ್ತ ಕೂದ್ಲ ಬರ್ತಾವ, ಮುಂದಿನ ಮಳಿಗಿ ಮತ್ತ ಹೋಗ್ತಾವ." ಪಕ್ಕದ ಕುದುರೆಗೆ ಏಕಿಲ್ಲ ಎಂದರೆ, "ಅದರ ಹಣೇಬರಹ ಬ್ಯಾರೆ" ಎಂದು ನಕ್ಕರು.

ಅವರು ಕಂಡದ್ದು ಸರಿಯಾಗಿತ್ತು. ಮಳೆಗಾಲ, ಸಂಜೆಯ ಹೊತ್ತು, ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದಿರುವುದು, ಈ ಮೂರು ಗುರುತುಗಳೂ ಪಶುವೈದ್ಯರ ಪುಸ್ತಕಗಳಲ್ಲಿವೆ.

ಕಾಣದಷ್ಟು ಸಣ್ಣ ನುಸಿ

ಕುದುರೆಯ ಈ ತುರಿಕೆಗೆ ಮುಖ್ಯ ಕಾರಣ ದೊಡ್ಡ ಕುದುರೆನೊಣವಲ್ಲ, ನಾವು ಬಲ್ಲ ಸೊಳ್ಳೆಯೂ ಅಲ್ಲ. ಶಾಸ್ತ್ರಜ್ಞರು ಕ್ಯುಲಿಕಾಯ್ಡಿಸ್ ಎಂದು ಕರೆಯುವ ಕಚ್ಚುವ ನುಸಿ. ಒಂದರಿಂದ ಮೂರು ಮಿಲಿಮೀಟರ್ ಉದ್ದ. ಸಾಸಿವೆಗಿಂತ ದೊಡ್ಡದಲ್ಲ. ರಕ್ತ ಹೀರುವುದು ಹೆಣ್ಣು ನುಸಿ ಮಾತ್ರ, ಅದೂ ಮೊಟ್ಟೆಗಾಗಿ. ಕಚ್ಚುವಾಗ ಅದರ ಎಂಜಲು ಚರ್ಮದೊಳಗೆ ಸೇರುತ್ತದೆ. ಹೆಚ್ಚಿನ ಕುದುರೆಗಳು ಇದನ್ನು ತಾಳಿಕೊಳ್ಳುತ್ತವೆ. ಕೆಲವು ಕುದುರೆಗಳ ದೇಹ ಮಾತ್ರ ಎಂಜಲಿನ ಪ್ರೋಟೀನನ್ನು ಶತ್ರುವೆಂದು ತಿಳಿದು ಅತಿಯಾಗಿ ಕೆರಳುತ್ತದೆ. ಇದೇ ಅಲರ್ಜಿ. ಹುಟ್ಟಿದ ಮರಿಯಲ್ಲಿ ಕಾಣುವುದಿಲ್ಲ, ಸಾಮಾನ್ಯವಾಗಿ ಎರಡು ನಾಲ್ಕು ವರ್ಷ ಕಳೆದ ಮೇಲೆ ತಲೆದೋರಿ, ಒಮ್ಮೆ ಬಂದರೆ ವರ್ಷ ವರ್ಷವೂ ಮರುಕಳಿಸುತ್ತದೆ. ವಂಶದಲ್ಲಿಯೂ ಹರಿಯುವುದರಿಂದ ಇಂಥ ಕುದುರೆಯಿಂದ ಮರಿ ಪಡೆಯಬಾರದೆಂದು ವೈದ್ಯರು ಹೇಳುತ್ತಾರೆ.

ಇದು ಅಂಟುರೋಗವಲ್ಲ. ಕುದುರೆಯಿಂದ ಕುದುರೆಗಾಗಲಿ ಮನುಷ್ಯರಿಗಾಗಲಿ ದಾಟುವುದಿಲ್ಲ. ಆದರೆ ಮೈ ತುರಿಸುವುದೆಲ್ಲ ಇದೇ ಎಂದೂ ತಿಳಿಯಬಾರದು. ಕಜ್ಜಿ, ಹೇನು, ಹುಳುಕಡ್ಡಿಯಿಂದಲೂ ಕೂದಲು ಉದುರುತ್ತದೆ. ಚರ್ಮದಲ್ಲಿ ಕೀವಿನ ಗಂಟು, ಮೂಗಿನಲ್ಲಿ ಸುರಿತ ಇದ್ದರೆ ಗ್ಲ್ಯಾಂಡರ್ಸ್ ಎಂಬ ಭಯಂಕರ ರೋಗವಿರಬಹುದು. ಅದು ಮನುಷ್ಯರಿಗೂ ಹರಡುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಸರ್ಕಾರಿ ಪಶು ಆಸ್ಪತ್ರೆಯ ಕಡೆಗೆ.

ಈ ನುಸಿ ನಮ್ಮ ದೇಶಕ್ಕೆ ಹೊಸದಲ್ಲ. 1960ರಲ್ಲಿ ಪಶ್ಚಿಮ ಏಷ್ಯಾದ ಕಡೆಯಿಂದ ಭಾರತಕ್ಕೆ ಬಂದ ಆಫ್ರಿಕದ ಕುದುರೆ ಮಾರಿಯನ್ನು ಹರಡಿದ್ದು ಇದೇ ಜಾತಿಯ ನುಸಿ. ಮಹಬೂಬನಗರ ಸೀಮೆಯ ಕುರಿಗಾಹಿಗಳು ಹೆದರುವ ನೀಲಿ ನಾಲಿಗೆ ರೋಗವನ್ನು ಕುರಿಯಿಂದ ಕುರಿಗೆ ಒಯ್ಯುವುದೂ ಇದೇ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕುದುರೆಗಳಿಗೆ ಬರುತ್ತಿದ್ದ ತುರಿಕೆಗೆ ನುಸಿಯ ಕಡಿತವೇ ಕಾರಣವೆಂದು ರೀಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿಕೊಟ್ಟರು. ಐಸ್‌ಲ್ಯಾಂಡ್ ದೇಶದ ಕಥೆ ಇನ್ನೂ ಮನಮುಟ್ಟುವಂಥದ್ದು. ಆ ಶೀತದೇಶದಲ್ಲಿ ಶತಮಾನಗಳಿಂದ ಇಂಥ ನುಸಿಯ ಕಾಟವಿರಲಿಲ್ಲ. ಅಲ್ಲಿ ಹುಟ್ಟಿ ಬೆಳೆದ ಕುದುರೆಗಳನ್ನು ಯುರೋಪಿನ ಬೇರೆ ದೇಶಗಳಿಗೆ ಮಾರಿದಾಗ ಬಹಳಷ್ಟಕ್ಕೆ ತುರಿಕೆ ಹತ್ತಿತು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಹೊರಗೆ ಹೋದ ಕುದುರೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಈ ಬಾಧೆಗೆ ಒಳಗಾಗಿದ್ದವು. ಒಮ್ಮೆ ದೇಶ ಬಿಟ್ಟ ಕುದುರೆಯನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂಬುದು ಅಲ್ಲಿಯ ಕಾನೂನು. ಹೀಗಾಗಿ ಆ ಪ್ರಾಣಿಗೆ ತವರೂ ಇಲ್ಲ, ನೆಮ್ಮದಿಯೂ ಇಲ್ಲ. ಇಂಥ ಕುದುರೆಗಳ ಮೇಲೆಯೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದವರು ಒಂದು ಲಸಿಕೆಯನ್ನು ಪರೀಕ್ಷಿಸಿ 2018ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದರು. ಆದರೂ ರೋಗವನ್ನು ಬುಡಸಮೇತ ಕಿತ್ತುಹಾಕುವ ಔಷಧ ನಮ್ಮೂರ ಅಂಗಡಿಗಳಲ್ಲಿಲ್ಲ. ವೈದ್ಯರು ಕೊಡುವ ಸ್ಟಿರಾಯ್ಡ್ ತುರಿಕೆಯನ್ನು ತಗ್ಗಿಸುತ್ತದೆ, ಮಿತಿಮೀರಿದರೆ ಗೊರಸಿನೊಳಗೆ ಉರಿಯೂತ ತರಬಹುದು. ಕೊನೆಗೆ ಎಲ್ಲ ದೇಶದ ವೈದ್ಯರೂ ಹೇಳುವ ಮಾತು ಒಂದೇ: ನುಸಿ ಕಚ್ಚದಂತೆ ನೋಡಿಕೊಳ್ಳಿ.

ಕೊಲ್ಲುವುದೋ, ಕಾಯುವುದೋ

ಇಲ್ಲಿ ನಮಗೆ, ಜೈನರಿಗೆ, ಒಂದು ತೊಡಕು ಎದುರಾಗುತ್ತದೆ. ಕುದುರೆ ಪಂಚೇಂದ್ರಿಯ ಜೀವಿ. ನುಸಿಯೂ ಜೀವವೇ, ಚತುರಿಂದ್ರಿಯ. ಒಂದರ ರಕ್ಷಣೆಗೆ ಇನ್ನೊಂದರ ಮೇಲೆ ವಿಷ ಸಿಂಪಡಿಸುವುದೇ? ಅಥವಾ ನುಸಿಯ ಹಿಂಸೆಗೆ ಅಂಜಿ ಕುದುರೆಯ ನೋವನ್ನು ಕಂಡೂ ಸುಮ್ಮನಿರುವುದೇ? "ಎಲ್ಲ ಅದರದರ ಕರ್ಮ" ಎಂದು ಕೈತೊಳೆದುಕೊಳ್ಳುವವರೂ ನಮ್ಮಲ್ಲಿ ಇದ್ದಾರೆ.

ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ದಂಶಮಶಕ ಪರೀಷಹವೂ ಒಂದು. ನೊಣ, ಸೊಳ್ಳೆ, ನುಸಿ ಕಚ್ಚಿದರೂ ಅವುಗಳನ್ನು ಓಡಿಸದೆ, ಮನಸ್ಸಿನಲ್ಲಿಯೂ ದ್ವೇಷ ತಾರದೆ ಸಮಭಾವದಿಂದ ಇರುವುದು. ಎಷ್ಟು ಕಠಿಣ ಸಾಧನೆ! ಆದರೆ ಅದು ಮುನಿಗಳು ತಿಳಿದು, ಒಪ್ಪಿ, ಕರ್ಮನಿರ್ಜರೆಗಾಗಿ ಸ್ವೀಕರಿಸಿದ್ದು. ಕುದುರೆ ಯಾವ ವ್ರತವನ್ನೂ ಸ್ವೀಕರಿಸಿಲ್ಲ. ಅದನ್ನು ಗೂಟಕ್ಕೆ ಕಟ್ಟಿದವರು ನಾವು. ಬಿಟ್ಟಿದ್ದರೆ ಗಾಳಿ ಬೀಸುವ ದಿಣ್ಣೆಗೆ ತಾನೇ ಹೋಗುತ್ತಿತ್ತು. ಕಟ್ಟಿಹಾಕಿದ ಪ್ರಾಣಿಯ ಸಹನೆ ಪರೀಷಹವಾಗುವುದಿಲ್ಲ. ಅದು ಕಟ್ಟಿದವರ ಲೆಕ್ಕಕ್ಕೆ ಬರುವ ಹಿಂಸೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಶ್ರಾವಕರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಯಾದ ಭಾರ ಹೊರಿಸುವುದು, ಅನ್ನ ನೀರು ತಡೆಯುವುದು. ಐದನ್ನೂ ಒಮ್ಮೆ ಕುದುರೆಯ ಲಾಯದ ಮುಂದೆ ನಿಂತು ನೆನೆಯಬೇಕು. ದುಡಿಯುವ ಪ್ರಾಣಿಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಬರೆದಂತಿದೆ.

ತೊಡಕಿಗೆ ಉತ್ತರವೂ ನಮ್ಮ ಮನೆಯಲ್ಲೇ ಇದೆ. ನಮ್ಮ ತಾಯಂದಿರು ನೀರನ್ನು ಸೋಸುತ್ತಾರೆ, ಎಂಜಲು ನೀರು ನಿಲ್ಲಗೊಡುವುದಿಲ್ಲ, ಹಿಟ್ಟು ಕಾಳುಗಳನ್ನು ಬಿಸಿಲಿಗೆ ಹರಡುತ್ತಾರೆ. ಜೀವ ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಅದು ಹುಟ್ಟುವ ಸ್ಥಿತಿಯೇ ಬಾರದಂತೆ ನೋಡಿಕೊಳ್ಳುವುದು ಜೈನ ಗೃಹಿಣಿಯ ಶಾಸ್ತ್ರ. ಸೂರ್ಯಾಸ್ತದೊಳಗೆ ಊಟ ಮುಗಿಸುವುದೂ ಅದಕ್ಕೇ, ಮುಸ್ಸಂಜೆಗೆ ಸೂಕ್ಷ್ಮ ಜೀವಗಳು ಏಳುತ್ತವೆಂದು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ ಮಾಡುವುದೂ ಅದಕ್ಕೇ. ಕುದುರೆಯ ವೈದ್ಯರು ಹೇಳುವ ಲೆಕ್ಕವೂ ಇದೇ: ನುಸಿಯ ಋತು ಮಳೆಗಾಲ, ನುಸಿಯ ವೇಳೆ ಮುಸ್ಸಂಜೆ ಮತ್ತು ನಸುಕು. ಜೀವಗಳಿಗೆ ನೋವಾಗಬಾರದೆಂದು ಹೊತ್ತು ಮುಳುಗುವ ಮೊದಲೇ ತಟ್ಟೆ ತೊಳೆದಿಡುವ ನಾವು, ಅದೇ ಮುಸ್ಸಂಜೆಯಲ್ಲಿ ಕುದುರೆಯನ್ನು ಗಟಾರದ ಪಕ್ಕ ದೀಪದ ಕೆಳಗೆ ನಿಲ್ಲಿಸುತ್ತೇವೆ. ಪರ್ಯುಷಣ, ದಶಲಕ್ಷಣ ಪರ್ವಗಳ ಮೆರವಣಿಗೆಗಳು ಬರುವುದೂ ನುಸಿ ತುಂಬಿದ ಭಾದ್ರಪದದಲ್ಲೇ.

ಗದ್ವಾಲ: ಉಪಾಯ ಇರುವುದು ಮಗ್ಗದಲ್ಲಿ

ಮಕ್ತಲಿನಿಂದ ಆತ್ಮಕೂರಿನ ಕಡೆಗೆ ಇಳಿದು, ಜುರಾಲ ಅಣೆಕಟ್ಟಿನ ಬಳಿ ಕೃಷ್ಣೆಯನ್ನು ದಾಟಿದರೆ ಗದ್ವಾಲದ ಸೀಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವಿನ ಈ ನೆಲವನ್ನು ಅಲ್ಲಿಯವರು ನಡಿಗಡ್ಡ ಎನ್ನುತ್ತಾರೆ. ಅಣೆಕಟ್ಟಿನ ಮೇಲೆ ಗಾಳಿ ರಭಸವಾಗಿ ಬೀಸುತ್ತಿತ್ತು. ಇಷ್ಟು ನೀರಿನ ಪಕ್ಕದಲ್ಲಿಯೂ ಒಂದು ನುಸಿ ಮುಖಕ್ಕೆ ಮುತ್ತಲಿಲ್ಲ. ಇದರಲ್ಲಿ ಒಂದು ಪಾಠವಿದೆ. ಈ ನುಸಿ ಬಹಳ ದುರ್ಬಲ ಹಾರಾಟಗಾರ. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ಗಾಳಿ ಇದ್ದರೂ ಅದಕ್ಕೆ ಹಾರಿ ಕೂರುವುದು ಕಷ್ಟ. ಅಂದರೆ ಲಾಯದಲ್ಲಿ ತಿರುಗುವ ಒಂದು ಫ್ಯಾನು ಯಾವ ಜೀವವನ್ನೂ ಕೊಲ್ಲದೆ ಕುದುರೆಯನ್ನು ಕಾಯುತ್ತದೆ.

ಗದ್ವಾಲ ನಿಜಾಮರ ಆಳ್ವಿಕೆಯ ಕಾಲದಲ್ಲಿ ಹೆಸರಾದ ಸಂಸ್ಥಾನ. ಸೋಮನಾದ್ರಿ ಎಂದು ಜನ ಕರೆಯುವ ಸೋಮಭೂಪಾಲ ಕಟ್ಟಿಸಿದ ಮಣ್ಣಿನ ಕೋಟೆ, ಅದರೊಳಗೆ ಚೆನ್ನಕೇಶವ ಸ್ವಾಮಿಯ ಗುಡಿ ಇಂದಿಗೂ ಇವೆ. 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ ಎಂಬ ಹೆಸರಿನ ಜಿಲ್ಲೆಯಾಯಿತು. 2013ರಲ್ಲಿ ರಾಯಚೂರಿಗೆ ರೈಲು ಸಂಪರ್ಕ ಬಂದ ಮೇಲೆ ನಮ್ಮ ಕಡೆಯ ವ್ಯಾಪಾರಿಗಳ ಓಡಾಟ ಇನ್ನೂ ಸುಲಭವಾಗಿದೆ.

ಗದ್ವಾಲ ಸೀರೆಯ ವೈಶಿಷ್ಟ್ಯ ಎಲ್ಲರಿಗೂ ತಿಳಿದದ್ದೇ. ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಬೇರೆ ಬೇರೆಯಾದ ಎರಡನ್ನು ಮಗ್ಗದಲ್ಲೇ ಎಳೆಗೆ ಎಳೆ ಕೂಡಿಸುತ್ತಾರೆ. ಮಡಚಿದರೆ ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುತ್ತದೆಂದು ಹೊಗಳುವುದುಂಟು. ಅಷ್ಟು ತೆಳುವಾಗಿದ್ದೂ ಒತ್ತಾದ ನೇಯ್ಗೆ. ಒಬ್ಬ ನೇಕಾರರ ಮನೆಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮಕ್ತಲಿನ ಕುದುರೆ ನೆನಪಾಯಿತು.

ಯುರೋಪಿನಲ್ಲಿ ತುರಿಕೆಯ ಕುದುರೆಗಳಿಗೆ ಕೊರಳು, ಬೆನ್ನು, ಹೊಟ್ಟೆ, ಬಾಲದ ಬುಡ ಎಲ್ಲ ಮುಚ್ಚುವ ಹೊದಿಕೆ ತೊಡಿಸುತ್ತಾರೆ. ಇದುವರೆಗೆ ಕಂಡುಕೊಂಡ ಉಪಾಯಗಳಲ್ಲಿ ಬಹಳ ಭರವಸೆಯದು ಇದೇ. ನುಸಿ ಸೊಳ್ಳೆಪರದೆಯ ಸಾಮಾನ್ಯ ಕಣ್ಣುಗಳಲ್ಲಿ ನುಸುಳಿಬಿಡುತ್ತದೆ, ಆದ್ದರಿಂದ ಬಟ್ಟೆಯ ನೇಯ್ಗೆ ಒತ್ತಾಗಿರಬೇಕು. ನಮ್ಮ ಸೆಕೆಗೆ ದಪ್ಪ ಕಂಬಳಿ ಸಲ್ಲದು, ಗಾಳಿಯಾಡುವ ಹತ್ತಿಯೇ ಆಗಬೇಕು. ಒತ್ತು, ಹಗುರ, ಹತ್ತಿ, ಈ ಮೂರೂ ಗುಣಗಳ ಬಟ್ಟೆಯನ್ನು ನೇಯುವ ಊರುಗಳು ಇವೇ ತಾನೇ? ಅದನ್ನು ಕೊಂಡು ಮಾರುವವರು ನಾವೇ ತಾನೇ? ಜರಿ ಬೇಡ, ಬಣ್ಣ ಬೇಡ. ತಿಳಿಬಣ್ಣದ ಒತ್ತಾದ ಹತ್ತಿ ಬಟ್ಟೆಯನ್ನು ಊರಿನ ದರ್ಜಿಯಿಂದ ಕುದುರೆಯ ಅಳತೆಗೆ ಹೊಲಿಸಿ, ಹೊಟ್ಟೆಯಡಿ ಅಗಲವಾದ ಪಟ್ಟಿ ಕೊಟ್ಟು, ಉಜ್ಜುವ ಭುಜದ ಬಳಿ ಇಮ್ಮಡಿ ಹಾಕಿಸಿದರೆ ಸಾಕು.

ಶ್ರಾವಕ ಕುಟುಂಬಗಳು ಮಾಡಬಹುದಾದ್ದು

ಸ್ವಂತ ಕುದುರೆ ಸಾಕುವವರು ನಮ್ಮಲ್ಲಿ ವಿರಳ. ಆದರೆ ಬಾಡಿಗೆಗೆ ತರುವವರು ಎಲ್ಲ ಊರಲ್ಲೂ ಇದ್ದಾರೆ. ಹಣ ಕೊಡುವವರ ಮಾತು ನಡೆಯುತ್ತದೆ ಎಂಬುದು ವ್ಯಾಪಾರಿಗಳಿಗೆ ಹೇಳಬೇಕಾದ ಮಾತಲ್ಲ.

ಕುದುರೆ ಗೊತ್ತುಮಾಡುವಾಗ ಹೊದಿಕೆ ತೆಗೆಸಿ ಅಯಾಲು, ಬಾಲದ ಬುಡ, ಹೊಟ್ಟೆಯ ನಡುಗೆರೆ ನೋಡಬೇಕು. ಗಾಯವಿದ್ದರೆ ಅದರ ಮೇಲೆ ಜೀನು, ಹಾರ, ಜರಿ ಹೇರಬಾರದು. ಗಾಯಗೊಂಡು ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತುರಿಕೆಯಿಂದ ಕೊಡವುವ ಕುದುರೆಯ ಮೇಲೆ ಮಗುವನ್ನೋ ಮದುಮಗನನ್ನೋ ಕೂರಿಸುವುದು ಅಪಾಯಕಾರಿ. ಹಾಗೆಂದು ಆ ಕುದುರೆಯವರನ್ನು ಬರಿಗೈಯಲ್ಲಿ ಕಳಿಸಲೂ ಬಾರದು. ಅವರ ಅನ್ನ ಆ ಪ್ರಾಣಿಯ ಮೇಲಿದೆ. ಬಾಡಿಗೆಯ ಒಂದು ಭಾಗವನ್ನು ಚಿಕಿತ್ಸೆಗೆಂದು ಕೊಟ್ಟರೆ ಎರಡು ಜೀವಗಳಿಗೆ ಉಪಕಾರ.

ಮೆರವಣಿಗೆಯನ್ನು ಬೆಳಗಿನ ಬಿಸಿಲು ಏರಿದ ಮೇಲೆ ಹೊರಡಿಸಿ, ನಡುಹಗಲಿನ ಮೊದಲೇ ಮುಗಿಸುವುದು ಉತ್ತಮ. ಸಂಜೆಯೇ ಆಗಬೇಕಿದ್ದರೆ ಹೊತ್ತು ಇಳಿಯುವ ಮುಂಚೆ ಕುದುರೆಯನ್ನು ಬಿಟ್ಟುಕೊಡಬೇಕು. ಕಾಯುವ ಹೊತ್ತಿನಲ್ಲಿ ಗಟಾರ, ತಿಪ್ಪೆ, ನೀರು ನಿಂತ ಜಾಗದಿಂದ ದೂರ, ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಕುಡಿಯಲು ನೀರಿಡಬೇಕು.

ಕುದುರೆಯವರಿಗೆ ತಿಳಿಹೇಳಬೇಕಾದ್ದು ಇಷ್ಟು. ಸಗಣಿಯನ್ನು ದಿನವೂ ದೂರ ಸಾಗಿಸುವುದು, ಲಾಯದ ನೆಲ ಒಣಗಿರುವಂತೆ ನೋಡಿಕೊಳ್ಳುವುದು. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಒಳಗೆ ಕಟ್ಟಿ, ಸೂರ್ಯ ಮೇಲೆ ಬಂದ ಮೇಲೆ ಹೊರಬಿಡುವುದು. ಫ್ಯಾನು ಹಾಕುವುದು, ಅದರ ವೈರು ಕುದುರೆಯ ಬಾಯಿಗೆ ಸಿಗದಂತೆ ಎತ್ತರದಲ್ಲಿರಲಿ. ಹೊದಿಕೆಯನ್ನು ದಿನಕ್ಕೊಮ್ಮೆ ತೆಗೆದು, ಬೆವರಿನಿಂದ ಒದ್ದೆಯಾಗಿದ್ದರೆ ಒಗೆದು ಬದಲಿಸುವುದು. ಬೇವಿನೆಣ್ಣೆ ನುಸಿಯನ್ನು ಸ್ವಲ್ಪ ಹೊತ್ತು ದೂರ ಇಡುತ್ತದೆ. ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು, ಹಸಿ ಗಾಯಕ್ಕೆ ಹಚ್ಚಬಾರದು. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚುವ ರೂಢಿ ಕೆಲವು ಕಡೆ ಇದೆ. ಅದರಿಂದ ಚರ್ಮ ಸುಟ್ಟು ನೋವು ಇಮ್ಮಡಿಯಾಗುತ್ತದೆ. ಮುಚ್ಚಿದ ಲಾಯದಲ್ಲಿ ಹೊಗೆ ಹಾಕಿದರೆ ನುಸಿಗಿಂತ ಮೊದಲು ಕುದುರೆಯ ಶ್ವಾಸಕೋಶಕ್ಕೆ ಪೆಟ್ಟು.

ಇವುಗಳಲ್ಲಿ ಒಂದಾದರೂ ಕೊಲ್ಲುವ ಉಪಾಯವಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಹೊತ್ತು ನೋಡುವುದು, ಜಾಗ ನೋಡುವುದು, ಗಾಳಿ ಬೀಸುವುದು, ಬಟ್ಟೆ ಹೊದಿಸುವುದು, ಕೊಳೆ ನಿಲ್ಲದಂತೆ ಮಾಡುವುದು. ಪಶುವೈದ್ಯ ಶಾಸ್ತ್ರ ಮುಖ್ಯವೆಂದು ಹೇಳುವುದೂ ಇವನ್ನೇ. ಎರಡು ಜೀವಗಳ ನಡುವೆ ಒಂದನ್ನು ಆರಿಸಬೇಕಾದ ಸಂಕಟ ಇಲ್ಲಿ ಮಟ್ಟಿಗೆ ನಮಗೆ ಬರುವುದೇ ಇಲ್ಲ. ಬೇಕಾದದ್ದು ಸ್ವಲ್ಪ ಯತ್ನಾಚಾರ.

ಪರ್ವದ ಕೊನೆಗೆ ಎಲ್ಲ ಸಮಾಜಗಳಲ್ಲೂ ಜೀವದಯೆಗೆಂದು ಹಣ ಕೂಡಿಸುತ್ತಾರೆ. ಅದು ಗೋಶಾಲೆಗೆ, ಪಾಂಜರಪೋಳಕ್ಕೆ ಹೋಗುತ್ತದೆ, ಹೋಗಲಿ. ಅದರಲ್ಲಿ ಒಂದು ಸಣ್ಣ ಪಾಲಿನಿಂದ ಪ್ರತಿ ಊರಿನ ಸಮಾಜವೂ ಎರಡು ಹತ್ತಿಯ ಹೊದಿಕೆ ಹೊಲಿಸಿ ಭವನದಲ್ಲಿ ಇಟ್ಟುಕೊಳ್ಳಬಹುದು. ಮೆರವಣಿಗೆಗೆ ಬಂದ ಕುದುರೆಗೆ ಕಾಯುವ ಹೊತ್ತಿನಲ್ಲಿ ತೊಡಿಸಿ, ಮುಗಿದ ಮೇಲೆ ಒಂದನ್ನು ಕುದುರೆಯವರ ಕೈಗೇ ಕೊಟ್ಟುಬಿಡಬಹುದು. ಮಹಿಳಾ ಮಂಡಳಿಯವರು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಹೊಲಿಗೆ. ಒಂದು ಸೀರೆಯ ಲಾಭಾಂಶಕ್ಕಿಂತ ಹೆಚ್ಚು ಖರ್ಚಾಗುವ ಕೆಲಸವೇನಲ್ಲ.

ಬರುವ ವರ್ಷದ ಪರ್ವಕ್ಕೆ ಸಮಿತಿಗಳು ಸಭೆ ಸೇರಿ ಶಾಮಿಯಾನ, ವಾದ್ಯ, ಪ್ರಸಾದಗಳ ಪಟ್ಟಿ ಬರೆಯುವಾಗ ಕುದುರೆ ಎಂಬ ಒಂದು ಸಾಲು ಹೇಗೂ ಇರುತ್ತದೆ. ಅದರ ಮುಂದೆ ಬಾಡಿಗೆಯ ಮೊತ್ತದ ಜೊತೆಗೆ ಹೊದಿಕೆ, ನೀರು, ಬಿಡುವ ವೇಳೆ ಎಂಬ ಮೂರು ಮಾತುಗಳನ್ನು ಸೇರಿಸಿ ಬರೆದರೆ ಸಂಭವನಾಥ ಸ್ವಾಮಿಯ ಲಾಂಛನಕ್ಕೆ ನಾವು ಸಲ್ಲಿಸುವ ನಿಜವಾದ ಅರ್ಘ್ಯ ಅದೇ ಆದೀತು.